ತಟ್ಟೆ ಬೋರಲು ಹಾಕಿಟ್ಟ ಮನೆ: ಕಡೂರು, ಅರಸೀಕೆರೆ ಮಕ್ಕಳಿಗೆ ಒಂದು ಬರದ ಕಾದಂಬರಿ

ಊಟದ ಮೇಜಿನ ಮೇಲೆ ತಟ್ಟೆ ಬೋರಲು, ಲೋಟವೂ ಬೋರಲು. ಬಡಿಸೋಕೆ ಪಾತ್ರೆ ಬಂದಮೇಲಷ್ಟೇ ತಿರುಗಿಸಬೇಕು. ಸ್ವಲ್ಪ ತಡವಾದರೂ ಆಲೂಗಡ್ಡೆ ಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ ದೂಳು ಕೂತಿರುತ್ತದೆ, ಹಾಲು ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಅಪ್ಪ ಅದನ್ನೇ ತಮಾಷೆ ಮಾಡುತ್ತಾನೆ, ಮಗಳಿಗೆ ನಗು ಬರುವುದಿಲ್ಲ. ಕ್ಯಾರೆನ್ ಹೆಸ್ ಬರೆದ 'ಔಟ್ ಆಫ್ ದ ಡಸ್ಟ್' ಬರದ ಮನೆಯನ್ನು ತೋರಿಸುವುದು ಇಂಥ ಸಣ್ಣ ಕೆಲಸಗಳಲ್ಲಿ. 1997ರಲ್ಲಿ ಬಂದ ಈ ಮಕ್ಕಳ ಕಾದಂಬರಿಗೆ ಮರುವರ್ಷ ಮಕ್ಕಳ ಪುಸ್ತಕಕ್ಕೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಸಿಕ್ಕಿತು. ಕಥೆ ನಡೆಯುವುದು 1934 ಮತ್ತು 1935ರಲ್ಲಿ, ಓಕ್ಲಹೋಮ ರಾಜ್ಯದ ಪಶ್ಚಿಮ ತುದಿಯ ಗೋಧಿ ಹೊಲದಲ್ಲಿ. ಹೇಳುವವಳು ಬಿಲ್ಲಿ ಜೋ, ಹದಿಮೂರು ದಾಟಿ ಹದಿನಾಲ್ಕಕ್ಕೆ ಕಾಲಿಡುತ್ತಿರುವ ರೈತನ ಮಗಳು, ಪಿಯಾನೋ ಹುಚ್ಚಿನವಳು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಏಳನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಕೊಡಿ. ಅದಕ್ಕಿಂತ ಚಿಕ್ಕವರಿಗೆ ಬೇಡ. ಮಧ್ಯದಲ್ಲಿ ಬರುವ ಒಂದು ಬೆಂಕಿ ಅವಘಡ ಅಷ್ಟು ಹತ್ತಿರದಿಂದ ಬರೆದದ್ದು, ಆ ಪುಟಗಳನ್ನು ಓದುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಮಲೆನಾಡಿನ ಸಕಲೇಶಪುರ, ಮೂಡಿಗೆರೆ ಮಕ್ಕಳಿಗೆ ಇದು ದೂರದ ಕಥೆ ಅನ್ನಿಸಬಹುದು. ಬಯಲುಸೀಮೆಯ ಕಡೂರು, ಅರಸೀಕೆರೆ, ಅಜ್ಜಂಪುರದ ಮಕ್ಕಳಿಗೆ ಅಷ್ಟು ದೂರವಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದದ್ದನ್ನು ನೋಡಿದ ಮಕ್ಕಳು ಇವರು. ಟ್ಯಾಂಕರ್ ನೀರು, ಸುಳಿ ಒಣಗಿದ ತೆಂಗು, ಸಾವಿರ ಅಡಿ ಕೊರೆದರೂ ದೂಳು ಕಕ್ಕುವ ಬೋರ್‌ವೆಲ್, ಯಾವುದನ್ನೂ ಹೊಸದಾಗಿ ವಿವರಿಸಬೇಕಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಹೆದರಬೇಕಾಗಿಲ್ಲ. ಇಡೀ ಕಾದಂಬರಿ ಚಿಕ್ಕ ಚಿಕ್ಕ ಪದ್ಯಗಳಲ್ಲಿದೆ, ಪ್ರಾಸ ಇಲ್ಲ, ಒಂದೊಂದು ಪದ್ಯ ಒಂದೆರಡು ಪುಟ, ಕೊನೆಯಲ್ಲಿ ತಿಂಗಳು ಮತ್ತು ವರ್ಷ. ಎಂಟು ಭಾಗ: 1934ರ ಚಳಿಗಾಲದಿಂದ 1935ರ ಶರತ್ಕಾಲದವರೆಗೆ ಋತುವಿಗೊಂದು. ಒಂದು ಭಾಗಕ್ಕೆ ಒಂದು ಪೀರಿಯಡ್ ಎಂದಿಟ್ಟುಕೊಂಡರೆ ಎಂಟು ಸಲ ಕೂತರೆ ಮುಗಿಯುತ್ತದೆ. 1934ರ ಬೇಸಿಗೆಯ ಭಾಗಕ್ಕೆ ಮಾತ್ರ ಎರಡು ಪೀರಿಯಡ್ ಬೇಕು. ಗಟ್ಟಿಯಾಗಿ ಓದಿಸುವಾಗ ಒಂದು ತಪ್ಪು ಎಲ್ಲ ಕಡೆಯೂ ಆಗುತ್ತದೆ. ಸಾಲು ಮುಗಿದಲ್ಲೆಲ್ಲ ಮಕ್ಕಳು ನಿಲ್ಲಿಸುತ್ತಾರೆ, ಮಗ್ಗಿ ಒಪ್ಪಿಸಿದ ಹಾಗೆ ಆಗಿ ಅರ್ಥ ಕೆಡುತ್ತದೆ. ಸಾಲು ಎಲ್ಲಿ ಮುರಿದಿದೆ ಎಂದು ನೋಡದೆ ಪೂರ್ಣವಿರಾಮದ ತನಕ ಒಂದೇ ಉಸಿರಿಗೆ ಓದಿಸಿ. ಕನ್ನಡಕ್ಕೆ ಹೇಳುತ್ತ ಹೋಗುವ ಮೇಷ್ಟ್ರು ಕೂಡ ಒಂದು ವಾಕ್ಯ ಪೂರ್ತಿ ಓದಿಯೇ ಹೇಳಬೇಕು. ಸಾಲುಸಾಲಾಗಿ ಹೇಳಹೊರಟರೆ ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ.

ಓದು ಸಿಕ್ಕಿಹಾಕಿಕೊಳ್ಳುವುದು ಭಾಷೆಗಿಂತ ಹೆಚ್ಚಾಗಿ ಬೇಸಾಯದ ಕ್ಯಾಲೆಂಡರಿನಲ್ಲಿ. ಕಥೆ ಶುರುವಾಗುವುದು ಚಳಿಗಾಲದಲ್ಲಿ, ಆಗಲೇ ಹೊಲದಲ್ಲಿ ಗೋಧಿ ಇದೆ, ಆದರೂ ಎಲ್ಲರೂ ಹಿಮ ಬೀಳಲಿ ಎಂದು ಕಾಯುತ್ತಿದ್ದಾರೆ. ಚಳಿಗೆ ಬೆಳೆ ಸತ್ತುಹೋಗಲ್ವಾ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಅಲ್ಲಿನದು ಚಳಿಗಾಲದ ಗೋಧಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತಾರೆ, ಗೇಣುದ್ದ ಪೈರಾಗಿ ಚಳಿಗೆ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ, ಹಿಮ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ. ಆ ಹಿಮ ಕರಗಿದ ನೀರೇ ವಸಂತಕ್ಕೆ ಬೇರಿಗೆ ಸಿಗುವ ಹಸಿ. ಕೊಯ್ಲು ಜೂನ್ ಹೊತ್ತಿಗೆ. ಹಿಮವೂ ಬಾರದೆ ವಸಂತದ ಮಳೆಯೂ ಬಾರದೆ ಗಾಳಿ ಮಾತ್ರ ಬಂದರೆ ಆ ಪೈರಿನ ಬುಡದ ಮಣ್ಣೇ ಹಾರಿಹೋಗಿ ಬೇರು ಗಾಳಿಗೆ ನೇತಾಡುತ್ತದೆ. ನಮ್ಮ ಕಡೆ ಮೇ ಕೊನೆಗೆ ಆಲೂಗಡ್ಡೆ, ಜುಲೈ ಆಗಸ್ಟಿಗೆ ರಾಗಿ ಎಂಬ ಲೆಕ್ಕದಲ್ಲಿ ಬೆಳೆದ ಮಕ್ಕಳಿಗೆ ಇದು ತಲೆಕೆಳಗು. ಕಪ್ಪು ಹಲಗೆ ಮೇಲೆ ಹನ್ನೆರಡು ತಿಂಗಳ ಗೆರೆ ಎಳೆದು ಮೇಲ್ಗಡೆ ಓಕ್ಲಹೋಮದ ಗೋಧಿ, ಕೆಳಗಡೆ ಕಡೂರಿನ ರಾಗಿ ಬರೆಸಿದರೆ ಐದೇ ನಿಮಿಷದ ಕೆಲಸ.

ಅಳತೆಗಳ ಗೊಂದಲವೂ ಇದೆ. ಬುಷೆಲ್ ಎಂದರೆ ಗೋಧಿಗೆ 60 ಪೌಂಡ್, ನಮ್ಮ ಲೆಕ್ಕಕ್ಕೆ 27 ಕೆಜಿ ಚಿಲ್ಲರೆ. ಎಕರೆಗೆ 10 ಬುಷೆಲ್ ಬಂತು ಎಂದರೆ ಎರಡು ಮುಕ್ಕಾಲು ಕ್ವಿಂಟಾಲ್ ಮುಟ್ಟುವುದಿಲ್ಲ. ಮಳೆಯಾಶ್ರಯದ ರಾಗಿ ಒಳ್ಳೆ ವರ್ಷದಲ್ಲಿ ಎಂಟು ಹತ್ತು ಕ್ವಿಂಟಾಲ್ ಕೊಡುವುದನ್ನು ನೋಡಿದ ಮಗುವಿಗೆ ಆಗ ಗೊತ್ತಾಗುತ್ತದೆ ಆ ಅಪ್ಪ ಎಷ್ಟಕ್ಕೆ ಕೈಯೊಡ್ಡಿ ನಿಂತಿದ್ದಾನೆ ಎಂದು. ಎಕರೆ ಮಾತ್ರ ಅಲ್ಲೂ ಇಲ್ಲೂ ಒಂದೇ, ಅದೊಂದು ಪುಣ್ಯ.

ಈ ಪುಸ್ತಕವನ್ನು ಬಯಲುಸೀಮೆಯ ಶಾಲೆಗಳಿಗೆ ಒತ್ತಿ ಹೇಳಲು ಇರುವ ಮುಖ್ಯ ಕಾರಣ ಬಿಲ್ಲಿ ಜೋಗೆ ಪಾಠ ಹೇಳುವ ಟೀಚರ್ ಮಿಸ್ ಫ್ರೀಲ್ಯಾಂಡ್ ಮಾತಾಡುವ ಒಂದು ಪದ್ಯ. ಅದರ ಕೊನೆಯಲ್ಲಿರುವುದು 1934ರ ಸೆಪ್ಟೆಂಬರ್. ಈ ಗತಿ ಮಳೆ ಇಲ್ಲದ್ದರಿಂದ ಮಾತ್ರ ಬರಲಿಲ್ಲ ಎಂದು ಆಕೆ ತರಗತಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಡುತ್ತಾರೆ. ಮೊದಲ ಮಹಾಯುದ್ಧದ ಕಾಲಕ್ಕೆ ಗೋಧಿಯ ಬೆಲೆ ಬುಷೆಲ್‌ಗೆ 2 ಡಾಲರ್ ದಾಟಿತ್ತು. ರೈತರು ಸಾಲ ಮಾಡಿ ಜಮೀನು ಕೊಂಡರು, ಟ್ರ್ಯಾಕ್ಟರ್ ಕೊಂಡರು, ಹುಲ್ಲುಗಾವಲು ಉತ್ತರು. ಯುದ್ಧ ಮುಗಿದು ಬೆಲೆ ಇಳಿದಾಗ ಸಾಲದ ಕಂತು ಕಟ್ಟಲು ಇನ್ನಷ್ಟು ಉತ್ತರು. 1932ರ ಹೊತ್ತಿಗೆ ಬೆಲೆ 40 ಸೆಂಟಿಗಿಂತ ಕೆಳಗೆ. ಆಮೇಲೆ ಮಳೆ ಕೈಕೊಟ್ಟಿತು. ಈ ಅಂಕಿಗಳೆಲ್ಲ ಪುಸ್ತಕದವಲ್ಲ, ಚರಿತ್ರೆಯವು. ಸರಪಳಿ ಮಾತ್ರ ಪುಸ್ತಕದಲ್ಲೇ ಇದೆ. ಶುಂಠಿಗೆ ರೇಟ್ ಬಂದ ವರ್ಷ ಊರೆಲ್ಲ ಶುಂಠಿ, ಬಿದ್ದ ವರ್ಷ ಸಾಲ ತೀರಿಸಲು ಮತ್ತೆ ಶುಂಠಿ ಎಂಬ ಆಟವನ್ನು ಹಾಸನ ಜಿಲ್ಲೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಸಾಧ್ಯವಾದರೆ ಈ ಪದ್ಯವನ್ನು ಮೊದಲ ದಿನವೇ ಓದಿಸಿ, ಆಮೇಲೆ ಮೊದಲ ಪುಟಕ್ಕೆ ಹೋಗಿ. ಕ್ರಮ ತಪ್ಪುತ್ತದೆ, ಆದರೆ ಅಪ್ಪ ಅಮ್ಮನ ನಡುವಿನ ಪ್ರತಿ ಜಗಳವೂ ಆಗ ಬೇರೆಯೇ ಕೇಳಿಸುತ್ತದೆ.

ಹುಲ್ಲು ಹೋದರೆ ಏನಾಗುತ್ತದೆ ಎಂಬುದನ್ನು ತೋರಿಸಲು ಪುಸ್ತಕ ಮುಚ್ಚಿ ಹೊರಗೆ ಹೋಗಬೇಕು. ಅಜ್ಜಂಪುರ, ಬೀರೂರು ಸುತ್ತಲಿನ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಿಗಿಂತ ಒಳ್ಳೆ ಪಾಠ ಬೇರೆ ಇಲ್ಲ. ಕಡೂರು ಬಳಿಯ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಮೇಯುವುದನ್ನು ನೋಡಿದ ಮಗುವಿಗೆ ಓಕ್ಲಹೋಮದ ಹುಲ್ಲುಗಾವಲು ಹೇಗಿತ್ತು ಎಂದು ಅರ್ಧ ಗೊತ್ತಾದ ಹಾಗೆಯೇ. ಒಂದು ಹಿಡಿ ಹುಲ್ಲನ್ನು ಬುಡ ಸಮೇತ ಕೀಳಿಸಿ ನೋಡಿ: ಬೇರಿಗೆ ಮಣ್ಣು ಹೆಂಟೆಯಾಗಿ ಅಂಟಿಕೊಂಡು ಬರುತ್ತದೆ, ಕೊಡವಿದರೂ ಬಿಡುವುದಿಲ್ಲ. ಓಕ್ಲಹೋಮದ ಬಯಲಿನ ಹುಲ್ಲಿನ ಬೇರು ಎಷ್ಟೋ ಅಡಿ ಆಳ ಇಳಿದಿರುತ್ತದೆ, ಮಳೆ ಇಲ್ಲದ ವರ್ಷ ಮೇಲೆ ಒಣಗಿ ಕೆಳಗೆ ಜೀವ ಹಿಡಿದಿರುತ್ತದೆ. ಗೋಧಿಗೆ ಆ ಶಕ್ತಿ ಇಲ್ಲ. ಕೊಯ್ದ ಮೇಲೆ ಮುಂದಿನ ಬಿತ್ತನೆ ಮೊಳೆಯದಿದ್ದರೆ ಹೊಲ ಬೆತ್ತಲೆ. ಅದರ ಮೇಲೆ ಡಿಸ್ಕ್ ನೇಗಿಲು ಮತ್ತೆ ಮತ್ತೆ ಓಡಿ ಹೆಂಟೆಯೆಲ್ಲ ಪುಡಿಯಾಗಿದ್ದರೆ ಅದು ಮುಚ್ಚಳ ತೆಗೆದಿಟ್ಟ ಹಿಟ್ಟಿನ ಡಬ್ಬ. ಆ ನಾಡಿನಲ್ಲಿ ವರ್ಷದ ಸರಾಸರಿ ಮಳೆ 500 ಮಿಲಿಮೀಟರ್ ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ. ಕಡೂರು, ಅರಸೀಕೆರೆ ಕಡೆ 600ರಿಂದ 700ರ ಆಸುಪಾಸು, ಅದೂ ಹೆಚ್ಚಿನದು ಮಳೆಗಾಲದಲ್ಲೇ ಬೀಳುತ್ತದೆ. ಹಾಗಾಗಿ ಅವರ ಮಣ್ಣು ಗಾಳಿ ಹಿಡಿದು ಹೋಯಿತು, ನಮ್ಮ ಮಣ್ಣು ಬದು ಒಡೆದ ಕಡೆಯಿಂದ ನೀರು ಹಿಡಿದು ಕೆರೆಗೆ ಹೋಗಿ ಗೋಡಾಗುತ್ತದೆ. ಇಲ್ಲೂ ಅಂಥ ದೂಳಿನ ಬಿರುಗಾಳಿ ಬರುತ್ತಾ ಎಂದು ಮಕ್ಕಳು ಕೇಳಿದರೆ ಹೂಳು ತುಂಬಿದ ಕೆರೆಯಂಗಳ ತೋರಿಸಿ.

ಈಗ 1934ರ ಬೇಸಿಗೆಯ ಭಾಗಕ್ಕೆ ಬರೋಣ. ಕಥೆಯ ತಿರುವು ಬಿಟ್ಟುಕೊಡದೆ ಇದನ್ನು ಹೇಳಲಾಗದು, ಮಕ್ಕಳಿಗೆ ಕೊಡುವ ದೊಡ್ಡವರಿಗೆ ಗೊತ್ತಿರಲೇಬೇಕು. ಒಲೆ ಪಕ್ಕ ಅಪ್ಪ ಸೀಮೆಎಣ್ಣೆ ತುಂಬಿದ ಬಕೆಟ್ ಇಟ್ಟಿರುತ್ತಾನೆ. ತುಂಬು ಬಸುರಿ ಅಮ್ಮ ಅದನ್ನು ನೀರೆಂದುಕೊಂಡು ಕಾಫಿಗೆ ಸುರಿಯುತ್ತಾಳೆ. ಬೆಂಕಿ ಎದ್ದಾಗ ಅಮ್ಮ ಅಪ್ಪನನ್ನು ಕೂಗುತ್ತ ಹೊರಗೆ ಓಡುತ್ತಾಳೆ. ಮನೆಗೆ ಬೆಂಕಿ ಹತ್ತೀತು ಎಂದು ಬಿಲ್ಲಿ ಜೋ ಉರಿಯುವ ಬಕೆಟ್ ಎತ್ತಿ ಬಾಗಿಲಾಚೆ ಎಸೆಯುತ್ತಾಳೆ, ಅದೇ ಗಳಿಗೆಗೆ ಅಮ್ಮ ಒಳಗೆ ಬರುತ್ತಿರುತ್ತಾಳೆ. ಹೆರಿಗೆಯಲ್ಲಿ ಅಮ್ಮ ತೀರಿಕೊಳ್ಳುತ್ತಾಳೆ, ಮಗುವೂ ಉಳಿಯುವುದಿಲ್ಲ. ಪಿಯಾನೋ ನುಡಿಸುವ ಹುಡುಗಿಯ ಕೈ ಎರಡೂ ಬೆಂದು ಗಾಯದ ಗುರುತಾಗಿ ಉಳಿಯುತ್ತವೆ. ಅಕ್ಕಪಕ್ಕದ ಹೆಂಗಸರು ಮಗಳು ಎಸೆದಳು ಎಂದು ಮಾತಾಡಿಕೊಳ್ಳುತ್ತಾರೆ, ಅಲ್ಲಿಗೆ ಸೀಮೆಎಣ್ಣೆ ತಂದಿಟ್ಟವರ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹೆಸ್ ಅಳಿಸಲು ಬರೆದದ್ದಲ್ಲ ಇದು. ವಾಕ್ಯಗಳು ಒಣಗಿದ ಕಡ್ಡಿಯ ಹಾಗಿವೆ, ಅದಕ್ಕೇ ಹೆಚ್ಚು ತಾಗುತ್ತದೆ.

ಇಲ್ಲಿ ಓದು ನಿಲ್ಲಿಸಿ ಕೆಲಸದ ಮಾತು ಆಡುವುದು ಒಳ್ಳೆಯದು. ಸೀಮೆಎಣ್ಣೆ ಈಗ ಮನೆಗಳಲ್ಲಿ ಅಪರೂಪ. ಡೀಸೆಲ್, ಥಿನ್ನರ್, ಕಳೆನಾಶಕ ಮಾತ್ರ ಖಾಲಿ ನೀರಿನ ಬಾಟಲಿಯಲ್ಲಿ ತುಂಬಿ ಅಡುಗೆಮನೆ ಮೂಲೆಯಲ್ಲೋ ಪಂಪ್‌ಹೌಸಿನಲ್ಲೋ ಇಟ್ಟಿರುವ ತೋಟದ ಮನೆ ಎಷ್ಟಿಲ್ಲ? ಇದೂ ಆ ಬಕೆಟ್ ಇಟ್ಟಂಥದ್ದೇ ತಪ್ಪು. ಎರಡನೆಯದು, ಉರಿಯುವ ಎಣ್ಣೆ ಪಾತ್ರೆಯನ್ನು ಎತ್ತಬಾರದು: ಹೊತ್ತು ಓಡಿದಷ್ಟೂ ಗಾಳಿ ಸಿಗುತ್ತದೆ, ಎಣ್ಣೆ ತುಳುಕುತ್ತದೆ, ಉರಿ ಹೊತ್ತವರ ಮೈಗೇ ತಿರುಗುತ್ತದೆ. ಒಗ್ಗರಣೆ ಬಾಣಲೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಅಗಲವಾದ ಮುಚ್ಚಳ ಪಕ್ಕದಿಂದ ಸರಿಸಿ ಮುಚ್ಚಬೇಕು, ನೀರು ಹಾಕಲೇಬಾರದು. ಸುಟ್ಟ ಕೈಯನ್ನು ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಬೇಕು, ಊದಿಕೊಳ್ಳುವ ಮುಂಚೆ ಬಳೆ ಉಂಗುರ ತೆಗೆಯಬೇಕು, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. ಪೇಸ್ಟ್, ಇಂಕು, ಹರಳೆಣ್ಣೆ ಯಾವುದೂ ಬೇಡ. ತರಗತಿಯಲ್ಲಿ ಇದನ್ನು ಹೇಳಿಬಿಟ್ಟರೆ ಮಕ್ಕಳಿಗೆ ಆ ಪುಟಗಳ ಭಯ ಸ್ವಲ್ಪ ಇಳಿಯುತ್ತದೆ, ಕೈಗೆ ಏನೋ ಸಿಕ್ಕ ಹಾಗಾಗುತ್ತದೆ.

ದೂಳಿನ ವಿವರಗಳಲ್ಲಿ ಪುಸ್ತಕ ಎಲ್ಲೂ ಎಡವಿಲ್ಲ. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುವುದು, ಮಲಗುವಾಗ ಮೂಗಿಗೆ ಬಟ್ಟೆ, ದೂಳು ಶ್ವಾಸಕೋಶಕ್ಕಿಳಿದು ಬರುವ ನ್ಯುಮೋನಿಯಾ, ಎಲ್ಲವೂ ಆ ಕಾಲದ ದಾಖಲೆಗಳಲ್ಲಿ ಇರುವಂಥವೇ. 1935ರ ಏಪ್ರಿಲ್ 14ರ ಭಾನುವಾರ ಎದ್ದ ಕಪ್ಪು ಬಿರುಗಾಳಿ ಪುಸ್ತಕದಲ್ಲೂ ಬರುತ್ತದೆ. ಮಾರನೇ ದಿನದ ವರದಿಯಲ್ಲಿ ರಾಬರ್ಟ್ ಗೈಗರ್ ಎಂಬ ಪತ್ರಕರ್ತ ಆ ಸೀಮೆಯನ್ನು ದೂಳಿನ ಬೋಗುಣಿ ಎಂಬರ್ಥದ 'ಡಸ್ಟ್ ಬೌಲ್' ಎಂದು ಕರೆದ, ಹೆಸರು ಹಾಗೇ ಉಳಿಯಿತು. ಅದೇ ತಿಂಗಳ 27ರಂದು ಅಮೆರಿಕ ಸರ್ಕಾರ ಮಣ್ಣು ಸಂರಕ್ಷಣೆಯ ಕಾಯ್ದೆ ತಂದಿತು. ಗಾಳಿಗೆ ಅಡ್ಡವಾಗಿ ಆಳ ಸಾಲು ಹೊಡೆಯುವುದು, ಇಳಿಜಾರಿಗೆ ಅಡ್ಡ ಉಳುವುದು, ಬೆಳೆಯ ಪಟ್ಟಿಗಳ ನಡುವೆ ಹುಲ್ಲಿನ ಪಟ್ಟಿ ಬಿಡುವುದು ಆಮೇಲೆ ಅಲ್ಲಿನ ರೈತರಿಗೆ ಹೇಳಿಕೊಟ್ಟ ಕೆಲಸಗಳು. ಇಳಿಜಾರಿಗೆ ಅಡ್ಡ ಉಳು ಎಂದು ನಮ್ಮಲ್ಲಿ ಜಲಾನಯನ ಇಲಾಖೆಯವರು ಹೇಳುವುದೂ ಇದನ್ನೇ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಂದು ಹೊಂಡ ತೋಡಲು ಶುರುಮಾಡುತ್ತಾನೆ. ಬದುಕಿದ್ದಾಗ ಅಮ್ಮ ಕೇಳಿದ್ದ ಹೊಂಡ ಅದು, ಆಗ ಇವನು ಬೇಡ ಎಂದಿದ್ದ. ಮಾತಿಲ್ಲದ ಗಂಡಸು ಸಲಿಕೆ ಹಿಡಿದು ದಿನಗಟ್ಟಲೆ ಮಣ್ಣು ಎತ್ತುವುದು ಇಡೀ ಕಾದಂಬರಿಯ ಅತ್ಯುತ್ತಮ ಚಿತ್ರ. ಮಗಳಿಗೆ ಅದು ಹೊಂಡ ಹೌದೋ ಅಲ್ಲವೋ ಎಂಬ ಅನುಮಾನ. ಕೃಷಿಹೊಂಡ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಲೆಕ್ಕ ಕೊಡಬಹುದು. ಮೇಲ್ಗಡೆ 10 ಮೀಟರ್ ಚೌಕ, 3 ಮೀಟರ್ ಆಳ, ಬದಿ ಇಳಿಜಾರು ಒಂದಕ್ಕೆ ಒಂದು ಎಂದರೆ ತಳ 4 ಮೀಟರ್ ಚೌಕ ಉಳಿಯುತ್ತದೆ. ಹಿಡಿಯುವ ನೀರು 156 ಘನ ಮೀಟರ್, ಅಂದರೆ ಒಂದೂವರೆ ಲಕ್ಷ ಲೀಟರ್ ಮೇಲೆ. ಒಂದು ಎಕರೆಗೆ ಒಂದಿಂಚು ನೀರು ಹಾಯಿಸಲು ಬೇಕಾದದ್ದು ಸುಮಾರು ಒಂದು ಲಕ್ಷ ಲೀಟರ್. ಆವಿ, ಇಂಗುವಿಕೆ ಕಳೆದರೆ ತುಂಬಿದ ಹೊಂಡ ತೆನೆ ಕಟ್ಟುವ ಹೊತ್ತಿಗೆ ಒಂದು ಎಕರೆ ರಾಗಿಯ ಪ್ರಾಣ ಒಮ್ಮೆ ಉಳಿಸೀತು, ಅಷ್ಟೇ. ಕೆಂಪು ಮಣ್ಣಿನಲ್ಲಿ ತಳಕ್ಕೆ ಹೊದಿಕೆ ಹಾಕದಿದ್ದರೆ ಅದೂ ಇಲ್ಲ. ಬದಿಯನ್ನು ನೆಟ್ಟಗೆ ಕಡಿದರೆ ಮೊದಲ ಮಳೆಗೇ ಕುಸಿಯುತ್ತದೆ. ಸುತ್ತ ಬೇಲಿ ಇಲ್ಲದ ಹೊಂಡದಲ್ಲಿ ಮಕ್ಕಳು ಬಿದ್ದು ಸತ್ತ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ, ಈ ಪಾಠದ ದಿನ ಅದನ್ನೂ ಹೇಳಲೇಬೇಕು.

ಅಮ್ಮ ಇನ್ನೊಂದು ಮಾತೂ ಆಡಿರುತ್ತಾಳೆ: ನೀರಿಲ್ಲದ ಕಡೆ ಬರೀ ಗೋಧಿ ಯಾಕೆ? ಅಪ್ಪನ ಉತ್ತರ ಯಾವಾಗಲೂ ಒಂದೇ, ಮಳೆ ಬರುತ್ತೆ. ಕೊನೆಗೆ ಅವನೇ ಸ್ವಲ್ಪ ಜೋಳ ಹಾಕಿ ನೋಡುತ್ತೇನೆ, ಒಂದಷ್ಟು ನೆಲವನ್ನು ಹುಲ್ಲಿಗೇ ಬಿಡುತ್ತೇನೆ ಎನ್ನುವ ಮಟ್ಟಕ್ಕೆ ಬರುತ್ತಾನೆ. ಎಂಟು ಸಾಲು ರಾಗಿಗೆ ಒಂದೆರಡು ಸಾಲು ಅವರೆಯೋ ತೊಗರಿಯೋ ಅಕ್ಕಡಿ ಹಾಕಿ, ಅಂಚಿಗೆ ಹುಚ್ಚೆಳ್ಳು, ಜೋಳ ಚೆಲ್ಲುವ ಮನೆಯ ಮಗು ಇದನ್ನು ಓದಿ ಇಷ್ಟಕ್ಕೆ ಎರಡು ವರ್ಷ ಬೇಕಾಯ್ತಾ ಎಂದು ನಗಬಹುದು, ನಗಲಿ. ಆದರೆ ಅಕ್ಕಡಿ ಬಿಟ್ಟು ಹೊಲ ಪೂರ್ತಿ ಒಂದೇ ಮೆಕ್ಕೆಜೋಳ ಹಾಕಿದ ಮನೆಗಳೂ ಅದೇ ಊರಿನಲ್ಲಿವೆ, ಆ ಮಕ್ಕಳೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅಂದ ಹಾಗೆ, ಅರವತ್ತರ ದಶಕದಲ್ಲಿ ನಮ್ಮ ರೇಷನ್ ಅಂಗಡಿಗೆ ಅಮೆರಿಕದಿಂದ ಬಂದ ಕೆಂಪು ಮೈಲೋ ಕೂಡ ಜೋಳವೇ. ಅದರ ರುಚಿ ಹೇಗಿತ್ತು ಎಂದು ಮನೆಯ ಅಜ್ಜಿಯನ್ನು ಕೇಳಿಕೊಂಡು ಬರುವುದು ಒಳ್ಳೆ ಹೋಂವರ್ಕ್. ಬೈಗುಳ ಕೇಳಿಸಿಕೊಳ್ಳಲು ಸಿದ್ಧರಾಗಿ ಹೋಗಲಿ.

ಕೊರತೆಗಳೂ ಇವೆ. ಬಿಲ್ಲಿ ಜೋ ಮನೆ ಬಿಟ್ಟು ಗೂಡ್ಸ್ ರೈಲು ಹತ್ತಿ ಅರಿಜೋನಾಕ್ಕೆ ಹೋಗಿ ತಿರುಗಿ ಬರುವ ಭಾಗ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ಅಷ್ಟು ಹೊತ್ತು ಒಂದು ತಟ್ಟೆ, ಒಂದು ಬಕೆಟ್ಟನ್ನು ನಿಂತು ನೋಡಿದ ಪುಸ್ತಕ ಇಲ್ಲಿ ಓಡುತ್ತದೆ. ಅಪ್ಪನ ಬದುಕಿಗೆ ಬರುವ ಲೂಯಿಸ್ ತುಂಬ ಸಲೀಸಾಗಿ ಒಳ್ಳೆಯವಳು, ಮಲತಾಯಿ ಎಂದರೆ ಏನೆಂದು ಗೊತ್ತಿರುವ ಮಕ್ಕಳು ನಂಬುವುದು ಕಷ್ಟ. ಇನ್ನೂ ದೊಡ್ಡದು ಚರಿತ್ರೆಯ ವಿಷಯ: ಕಥೆ 1935ಕ್ಕೆ ನಿಲ್ಲುವುದರಿಂದ ಬರವೂ ಅಲ್ಲಿಗೆ ಮುಗಿಯಿತು ಎಂದು ಓದುಗರು ಅಂದುಕೊಳ್ಳುತ್ತಾರೆ. 1936ರ ಬೇಸಿಗೆ ಅಮೆರಿಕದ ಚರಿತ್ರೆಯಲ್ಲೇ ಅತ್ಯಂತ ಬಿಸಿಯಾದವುಗಳಲ್ಲಿ ಒಂದು, ಆ ಸೀಮೆಯ ಬರ ಆ ದಶಕದ ಕೊನೆಯವರೆಗೂ ಎಳೆಯಿತು. ಹುಲ್ಲು ಕೂಡ ಬಿಟ್ಟ ತಕ್ಷಣ ಬರುವುದಲ್ಲ, ಉತ್ತ ನೆಲಕ್ಕೆ ಮೂಲದ ಹುಲ್ಲು ಮರಳಲು ವರ್ಷಗಟ್ಟಲೆ ಬೇಕು. ಕೊನೆ ಪುಟ ಮುಚ್ಚುವ ಮುಂಚೆ ಮೇಷ್ಟ್ರು ಈ ಎರಡು ಮಾತು ಸೇರಿಸಲೇಬೇಕು. ಪಿಯಾನೋ ಪುಟಗಳಲ್ಲಿ ಬರುವ ಸಂಗೀತದ ಹೆಸರುಗಳು ನಮ್ಮ ಮಕ್ಕಳಿಗೆ ದಾಟುವುದಿಲ್ಲ, ಅವನ್ನು ಬೇಗ ತಿರುಗಿಸಿದರೂ ನಷ್ಟವಿಲ್ಲ.

ಕೊಳ್ಳುವವರಿಗೆ: ಸ್ಕೊಲಾಸ್ಟಿಕ್ ಪ್ರಕಟಣೆಯ ಪೇಪರ್‌ಬ್ಯಾಕ್ ಸಾಕು, ಇನ್ನೂರಿಪ್ಪತ್ತರ ಆಸುಪಾಸು ಪುಟ, ದೊಡ್ಡ ಅಕ್ಷರ, ಪುಟದಲ್ಲಿ ಖಾಲಿ ಜಾಗ ಧಾರಾಳ. ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಕನ್ನಡ ಪದ ಬರೆದಿಟ್ಟುಕೊಳ್ಳಬಹುದು. ಪಂಚಾಯ್ತಿ ಅರಿವು ಕೇಂದ್ರಗಳಿಗೆ ಒಂದೇ ಪ್ರತಿ ತರಿಸುವ ಬದಲು ಎರಡು ತರಿಸಲಿ, ಒಂದು ಓದುವವರ ಕೈಗೆ, ಇನ್ನೊಂದು ಕೇಳುವವರ ನಡುವೆ. ನೆಟ್‌ನಲ್ಲಿ ಸಿಗುವ ಟೈಪ್ ಮಾಡಿದ ಪ್ರತಿಗಳನ್ನು ನಂಬಬೇಡಿ, ಸಾಲುಗಳೆಲ್ಲ ಸೇರಿಹೋಗಿ ಪದ್ಯ ಯಾವುದು ಎಂದೇ ತಿಳಿಯುವುದಿಲ್ಲ. ಬಹುತೇಕ ಪ್ರತಿಗಳ ಮುಖಪುಟದಲ್ಲಿರುವ ಹುಡುಗಿ ಬಿಲ್ಲಿ ಜೋ ಅಲ್ಲ, ಓಕ್ಲಹೋಮದವಳೂ ಅಲ್ಲ. 1936ರಲ್ಲಿ ವಾಕರ್ ಇವಾನ್ಸ್ ಅಲಬಾಮದಲ್ಲಿ ತೆಗೆದ ಚಿತ್ರ ಅದು. ಅವಳು ಬೇರೆಯವರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮನೆಯ ಮಗಳು.